ಎರಡನೇ ಆಯ್ಕೆ ಯಾರು? ಅಯೋವಾದ ಒಂದು ಕಾಕಸ್ ರಾತ್ರಿಯ ಪ್ರಕರಣ ಅಧ್ಯಯನ

ಒಂದೇ ಮನೆಯ ಮೂವರು. ಮೂವರದ್ದೂ ಒಂದೇ ಪಕ್ಷ, ಡೆಮೊಕ್ರಾಟಿಕ್, ಆದರೆ ಮೂವರಿಗೂ ಬೇರೆ ಬೇರೆ ಅಭ್ಯರ್ಥಿ. 2020ರ ಫೆಬ್ರುವರಿ 3ರ ರಾತ್ರಿ ಅಮೆರಿಕದ ಅಯೋವಾ ರಾಜ್ಯದಲ್ಲಿ, ಡಿ ಮೊಯ್ನ್ ನಗರದ ಹೊರವಲಯದ ಶಾಲೆಯೊಂದರ ಜಿಮ್‌ನಲ್ಲಿ ಅವರು ಎಲ್ಲರ ಕಣ್ಣೆದುರೇ ತಮ್ಮ ತಮ್ಮ ಅಭ್ಯರ್ಥಿಯ ಪರ ನಿಂತು ವಾದಿಸಿದರು. ಎಣಿಕೆಗೆ ನೆರವಾಗುವ ಸ್ವಯಂಸೇವಕನಾಗಿ ನಾನು ಅದೇ ಕೋಣೆಯಲ್ಲಿದ್ದೆ. ಆಮೇಲೆ ಆ ಮನೆಯವರನ್ನೂ ಗುಂಪುಗಳ ಮುಂದಾಳುಗಳಲ್ಲಿ ಕೆಲವರನ್ನೂ ಮಾತಾಡಿಸಿ, ಅವರ ಒಪ್ಪಿಗೆ ಪಡೆದು ಇದನ್ನು ಬರೆದಿದ್ದೇನೆ.

ಗುರುತಿನ ಬಗ್ಗೆ ಒಂದು ಮಾತು. ಅಯೋವಾದಲ್ಲಿ ಪ್ರತಿ ಬೂತಿನ ಅಂಕಿ ಸಾರ್ವಜನಿಕವಾಗಿ ಸಿಗುತ್ತದೆ. ಆ ರಾತ್ರಿಯ ಸಂಖ್ಯೆಗಳನ್ನು ಇದ್ದಂತೆಯೇ ಬರೆದರೆ ಊರು, ಶಾಲೆ ಎಲ್ಲವನ್ನೂ ಪತ್ತೆ ಹಚ್ಚುವುದು ಕಷ್ಟವೇನಲ್ಲ. ಹಾಗಾಗಿ ಕೋಣೆಯೊಳಗಿನ ಸಂಖ್ಯೆಗಳನ್ನು ಬದಲಿಸಿದ್ದೇನೆ. ಲೆಕ್ಕ ಮಾತ್ರ ಅಂದಿನ ನಿಯಮದಂತೆಯೇ ಕೂಡುತ್ತದೆ. ಮನೆಯವರ ಕೆಲಸ, ವಯಸ್ಸು, ಊರಿನ ವಿವರಗಳನ್ನೂ ಅಲ್ಲಲ್ಲಿ ಬದಲಿಸಿದೆ. ರಾಜ್ಯಮಟ್ಟದ ಅಂಕಿಗಳು ಮಾತ್ರ ಇದ್ದದ್ದು ಇದ್ದಂತೆ.

ಹಿನ್ನೆಲೆ

ನಮ್ಮಲ್ಲಿ ಟಿಕೆಟ್ ಯಾರಿಗೆ ಎಂಬುದನ್ನು ಹೈಕಮಾಂಡ್ ತೀರ್ಮಾನಿಸುತ್ತದೆ. ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನದ ಟಿಕೆಟನ್ನು ಪಕ್ಷದ ಮತದಾರರೇ ರಾಜ್ಯ ರಾಜ್ಯಗಳಲ್ಲಿ ಮತ ಹಾಕಿ ತೀರ್ಮಾನಿಸುತ್ತಾರೆ. ಬಹುತೇಕ ಕಡೆ ಅದು ಸಾಮಾನ್ಯ ಮತದಾನದ ಹಾಗೇ, ಗುಟ್ಟಾಗಿ ಹಾಕಿ ಬರುವ ವೋಟು. ಅಯೋವಾದ ಡೆಮೊಕ್ರಾಟರು ಮಾತ್ರ 1972ರಿಂದ ಎಲ್ಲರಿಗಿಂತ ಮೊದಲು, ಅದೂ ಕಾಕಸ್ ಎಂಬ ಸಭೆಯ ರೂಪದಲ್ಲಿ ಇದನ್ನು ನಡೆಸಿಕೊಂಡು ಬಂದಿದ್ದರು. ಸಂಜೆ ಏಳರೊಳಗೆ ಬಂದು ಸಾಲಿನಲ್ಲಿ ನಿಲ್ಲಬೇಕಿತ್ತು. ಒಳಗೆ ಹೋಗಿ ನಿಮ್ಮ ಅಭ್ಯರ್ಥಿಯ ಮೂಲೆಯಲ್ಲಿ ನಿಲ್ಲಬೇಕಿತ್ತು. ಪಕ್ಕದ ಮನೆಯವರು, ಮಗನ ಟೀಚರ್, ಆಫೀಸಿನ ಮ್ಯಾನೇಜರ್ ಎಲ್ಲರಿಗೂ ನೀವು ಯಾರ ಕಡೆ ಎಂಬುದು ಕಾಣುತ್ತಿತ್ತು.

ಡೆಲಿಗೇಟ್ ಅಂದರೆ ಪಕ್ಷದ ಮುಂದಿನ ಹಂತದ ಸಮಾವೇಶಕ್ಕೆ ಬೂತಿನಿಂದ ಹೋಗುವ ಪ್ರತಿನಿಧಿ. ನಾಲ್ಕು ಅಥವಾ ಹೆಚ್ಚು ಡೆಲಿಗೇಟ್‌ಗಳಿರುವ ಬೂತಿನಲ್ಲಿ, ಬಂದವರ ಪೈಕಿ ಶೇ 15ರಷ್ಟು ಜನ ಒಬ್ಬ ಅಭ್ಯರ್ಥಿಯ ಮೂಲೆಯಲ್ಲಿ ನಿಲ್ಲದಿದ್ದರೆ ಆ ಗುಂಪು ಉಳಿಯುತ್ತಿರಲಿಲ್ಲ. ಉಳಿಯದ ಗುಂಪಿನವರು ಇನ್ನೊಂದು ಗುಂಪಿಗೆ ಸೇರಬಹುದಿತ್ತು, ತಮ್ಮಂತೆಯೇ ಸಾಲದೆ ಬಿದ್ದ ಮತ್ತೊಂದು ಗುಂಪಿನ ಜತೆ ಕೂಡಿ ಅದನ್ನು ಎತ್ತಬಹುದಿತ್ತು, ಇಲ್ಲವೇ ಮನೆಗೆ ಹೋಗಬಹುದಿತ್ತು. 2020ರಲ್ಲಿ ಇದಕ್ಕೆ ಒಂದು ಹೊಸ ನಿಯಮ ಸೇರಿತು: ಮೊದಲ ಎಣಿಕೆಯಲ್ಲೇ ಶೇ 15 ದಾಟಿದ ಗುಂಪಿನವರು ಜಾಗ ಬದಲಿಸುವಂತಿಲ್ಲ. ಹಿಂದೆ ದೊಡ್ಡ ಗುಂಪಿನವರು ನಾಲ್ಕಾರು ಜನರನ್ನು ಬೇಕಾದ ಕಡೆ "ಸಾಲ" ಕೊಟ್ಟು ಎದುರಾಳಿಯ ಲೆಕ್ಕ ಕೆಡಿಸುತ್ತಿದ್ದರು. ಆ ಆಟ ನಿಂತಿತು. ಜತೆಗೆ ಪ್ರತಿಯೊಬ್ಬರಿಗೂ ಒಂದು ಕಾರ್ಡು ಬಂತು. ಒಂದು ಬದಿಯಲ್ಲಿ ಮೊದಲ ಆಯ್ಕೆ, ಇನ್ನೊಂದು ಬದಿಯಲ್ಲಿ ಎರಡನೆಯದು, ಕೆಳಗೆ ಸಹಿ.

ಇನ್ನು ಮನೆಯವರು. ಅಪ್ಪ ಹಾಸನದ ಕಡೆಯವರು, ವಿಮಾ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ. ಡಿ ಮೊಯ್ನ್ ವಿಮಾ ಕಂಪನಿಗಳ ಊರು. ಅಲ್ಲಿನ ಕನ್ನಡದವರಲ್ಲಿ ಬಹಳ ಮಂದಿಯ ಅನ್ನ ಅಲ್ಲಿಂದಲೇ. ಅಮ್ಮ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿದ್ದರು. ಇಬ್ಬರೂ ಅಮೆರಿಕದ ಪೌರರಾಗಿ ಕೆಲ ವರ್ಷ ಆಗಿತ್ತು. ಮಗಳಿಗೆ ಹದಿನೇಳು. ನವೆಂಬರ್ ಚುನಾವಣೆಯ ಹೊತ್ತಿಗೆ ಹದಿನೆಂಟು ತುಂಬುವವರಿಗೆ ಕಾಕಸ್‌ನಲ್ಲಿ ಭಾಗವಹಿಸಲು ಅವಕಾಶ ಇರುವುದರಿಂದ ಅವಳೂ ಬಂದಿದ್ದಳು. ಅಪ್ಪನ ಆಫೀಸಿನ ಗೆಳೆಯರೊಬ್ಬರೂ ಜತೆಗಿದ್ದರು, ಆದರೆ ಬರೀ ನೋಡುವುದಕ್ಕೆ. ಒಂದು ದೇಶಕ್ಕೆ ಇಷ್ಟೇ ಎಂಬ ಶೇ 7ರ ಮಿತಿಯಿಂದಾಗಿ ಗ್ರೀನ್ ಕಾರ್ಡ್ ಸಾಲಿನಲ್ಲೇ ವರ್ಷಗಟ್ಟಲೆ ನಿಂತವರು ಅವರು. ತೆರಿಗೆ ಕಟ್ಟುತ್ತಾರೆ, ಮಕ್ಕಳು ಅಲ್ಲೇ ಹುಟ್ಟಿದವರು, ವೋಟು ಮಾತ್ರ ಇಲ್ಲ. ಆ ರಾತ್ರಿ ಎಲ್ಲರಿಗಿಂತ ಗಮನವಿಟ್ಟು ಕೇಳುತ್ತಿದ್ದವರು ಅವರೇ ಎಂದು ನನಗೆ ಅನಿಸಿತು.

ಮನೆಯ ವಾದ ಸಿಕ್ಕಿಹಾಕಿಕೊಂಡದ್ದು ಎಲ್ಲಿ

ಜನವರಿ 14ರ ರಾತ್ರಿ ಡಿ ಮೊಯ್ನ್‌ನ ಡ್ರೇಕ್ ವಿಶ್ವವಿದ್ಯಾಲಯದಲ್ಲಿ ಕಾಕಸ್‌ಗೆ ಮುಂಚಿನ ಕೊನೆಯ ಟಿವಿ ಚರ್ಚೆ ನಡೆಯಿತು. ವೇದಿಕೆ ಮೇಲೆ ಆರು ಮಂದಿ: ಬೈಡನ್, ಬರ್ನಿ ಸ್ಯಾಂಡರ್ಸ್, ವಾರನ್, ಪೀಟ್ ಬುಟಿಜೆಜ್, ಏಮಿ ಕ್ಲೋಬುಷರ್, ಸ್ಟೇಯರ್. ಊರಿನಲ್ಲಿ ಆಗ ಸಂಕ್ರಾಂತಿಯ ಬೆಳಗು. ಇವರ ಮನೆಯಲ್ಲಿ ಎಳ್ಳುಬೆಲ್ಲದ ತಟ್ಟೆ ಟಿವಿ ಮುಂದೆ. ಒಳ್ಳೆ ಮಾತಾಡಬೇಕಾದ ದಿನವೇ ಮನೆಯಲ್ಲಿ ಜೋರು ಮಾತು ಶುರುವಾಯಿತು ಎಂದು ಅಮ್ಮ ನಗುತ್ತಾ ಹೇಳಿದರು. ಮಹಿಳೆ ಗೆಲ್ಲಬಲ್ಲಳೇ ಎಂಬ ವಿಷಯಕ್ಕೆ ವಾರನ್ ಮತ್ತು ಸ್ಯಾಂಡರ್ಸ್ ನಡುವೆ ವೇದಿಕೆಯಲ್ಲೇ ಇರಿಸುಮುರಿಸಾದದ್ದು, ಚರ್ಚೆ ಮುಗಿದ ಮೇಲೆ ಸ್ಯಾಂಡರ್ಸ್ ಚಾಚಿದ ಕೈಯನ್ನು ವಾರನ್ ಹಿಡಿಯದೇ ಹೋದದ್ದು ಬಹಳ ಮನೆಗಳಲ್ಲಿ ವಾರಗಟ್ಟಲೆ ಮಾತಿಗೆ ವಸ್ತುವಾಗಿತ್ತು.

ಈ ಮನೆಯ ನಿಜವಾದ ಜಗಳ ಆರೋಗ್ಯ ವಿಮೆಯದ್ದು. ಸ್ಯಾಂಡರ್ಸ್ ಯೋಜನೆಯಲ್ಲಿ ನಾಲ್ಕು ವರ್ಷದೊಳಗೆ ಎಲ್ಲರೂ ಒಂದೇ ಸರ್ಕಾರಿ ವಿಮೆಗೆ ಬರುತ್ತಾರೆ, ಖಾಸಗಿ ವಿಮೆಗೆ ಹೆಚ್ಚುಕಡಿಮೆ ಜಾಗ ಇರುವುದಿಲ್ಲ. ವಾರನ್ ಅದನ್ನು ಒಪ್ಪಿದರೂ 2019ರ ನವೆಂಬರಿನಲ್ಲಿ ಎರಡು ಹಂತ ಮಾಡಿಕೊಂಡಿದ್ದರು. ಬುಟಿಜೆಜ್, ಬೈಡನ್, ಕ್ಲೋಬುಷರ್ ಮೂವರೂ ಸರ್ಕಾರಿ ವಿಮೆ ಇರಲಿ, ಬೇಕಾದವರು ತಗೊಳ್ಳಲಿ ಎನ್ನುವ ನಿಲುವಿನವರು. ಮಗಳು ಸ್ಯಾಂಡರ್ಸ್ ಕಡೆ. ಅಪ್ಪ ಬೈಡನ್ ಕಡೆ. ಒಳಗೊಳಗೆ ತನ್ನ ಕೆಲಸದ ಚಿಂತೆಯೂ ಇತ್ತು, ಬಾಯಲ್ಲಿ ಬರುತ್ತಿದ್ದದ್ದು ಮಾತ್ರ ಒಂದೇ ಪ್ರಶ್ನೆ: "ಟ್ರಂಪ್‌ನ ಸೋಲಿಸೋರು ಯಾರು, ಅದು ಹೇಳು." ಇದು ಅಪ್ಪನೊಬ್ಬರ ಪ್ರಶ್ನೆಯಲ್ಲ. ಆ ರಾತ್ರಿ ಬಾಗಿಲಲ್ಲಿ ನಡೆದ ಸಮೀಕ್ಷೆಯಲ್ಲಿ ಹತ್ತರಲ್ಲಿ ಸುಮಾರು ಆರು ಜನ, ವಿಚಾರಗಳು ಹೊಂದುವ ಅಭ್ಯರ್ಥಿಗಿಂತ ಟ್ರಂಪ್‌ರನ್ನು ಸೋಲಿಸಬಲ್ಲ ಅಭ್ಯರ್ಥಿ ಮುಖ್ಯ ಎಂದಿದ್ದರು.

ಅಮ್ಮನ ನಿಲುವು ಮಗಳಿಗೆ ಅರ್ಥವೇ ಆಗುತ್ತಿರಲಿಲ್ಲ. ಆಸ್ಪತ್ರೆ ಬಿಲ್ಲಿನಲ್ಲಿ ಮೂರು ಅಂಕಣ ಇರುತ್ತವೆ: ಆಸ್ಪತ್ರೆ ಹಾಕಿದ ಮೊತ್ತ, ವಿಮಾ ಕಂಪನಿ ಒಪ್ಪಿದ ಮೊತ್ತ, ರೋಗಿ ಕಟ್ಟಬೇಕಾದ ಮೊತ್ತ. ಕೌಂಟರಿಗೆ ಬಂದವರು ಮೊದಲ ಅಂಕಣ ನೋಡಿ ಎದೆ ಹಿಡಿದುಕೊಳ್ಳುತ್ತಾರೆ, ಮೂರನೆಯದು ನೋಡಿ ಸುಮ್ಮನಾಗುತ್ತಾರೆ. ಕೆಲವರಿಗೆ ಮೂರನೆಯದೇ ಮೊದಲನೆಯದಕ್ಕಿಂತ ಭಯ, ಯಾಕೆಂದರೆ ಅದು ನಿಜವಾಗಿ ಕಟ್ಟಬೇಕಾದ ದುಡ್ಡು. ದಿನಾ ಇದನ್ನೇ ನೋಡುವ ಅಮ್ಮ ಬರ್ನಿ ಕಡೆ ಇರಬೇಕಲ್ಲವೇ ಎಂಬುದು ಮಗಳ ವಾದ. ಅಮ್ಮ ಕೊಟ್ಟ ಉತ್ತರ ಹೀಗಿತ್ತು: "2016ರಲ್ಲಿ ಈ ರಾಜ್ಯದಲ್ಲಿ ಮೆಡಿಕೇಡ್‌ನ (ಬಡವರ ಸರ್ಕಾರಿ ವಿಮೆ) ಖಾಸಗಿ ಕಂಪನಿಗಳಿಗೆ ವಹಿಸಿಕೊಟ್ಟರಲ್ಲ, ಆಗ ಹಳೇ ಕಾರ್ಡು ಹಿಡ್ಕೊಂಡು ಬಂದೋರ ಮುಖ ನಾನು ನೋಡಿದೀನಿ. ಒಳ್ಳೇದಕ್ಕೇ ಬದಲಾಗಲಿ, ಕೆಟ್ಟದ್ದಕ್ಕೇ ಬದಲಾಗಲಿ, ಇರೋ ಕಾರ್ಡು ಕಿತ್ಕೊಂಡ್ರೆ ಜನ ಹೆದರ್ತಾರೆ ಕಣೆ." ಹಾಗಾಗಿ ಅವರು ನೆರೆಯ ಮಿನೆಸೋಟದ ಏಮಿ ಕ್ಲೋಬುಷರ್ ಕಡೆ.

ಮೂರು ವಾದಕ್ಕೂ ತಲೆಬುಡ ಇತ್ತು. ಆದರೂ ಮೂರು ವಾರದಲ್ಲಿ ಯಾರೂ ಒಂದಿಂಚು ಕದಲಲಿಲ್ಲ. ಪ್ರತಿಯೊಬ್ಬರೂ ಉಳಿದಿಬ್ಬರ ಮೊದಲ ಆಯ್ಕೆಯನ್ನು ಕಿತ್ತುಹಾಕಲು ನೋಡುತ್ತಿದ್ದರು. ನಿನಗೆ ಎರಡನೆಯವರು ಯಾರು ಎಂದು ಆ ಮನೆಯಲ್ಲಿ ಯಾರೂ ಕೇಳಿರಲೇ ಇಲ್ಲ.

ಸಮಸ್ಯೆ: ಮೂರು ಜನ ಕಡಿಮೆ

ಜಿಮ್‌ಗೆ ಬಂದವರು 212. ಆ ಬೂತಿಗೆ ಇದ್ದದ್ದು 6 ಡೆಲಿಗೇಟ್. 212ರ ಶೇ 15 ಅಂದರೆ 31.8, ಹಾಗಾಗಿ ಗುಂಪು ಉಳಿಯಲು 32 ಜನ ಬೇಕು. ಮೊದಲ ಎಣಿಕೆ ಹೀಗೆ ಬಂತು: ಬುಟಿಜೆಜ್ 52, ಸ್ಯಾಂಡರ್ಸ್ 47, ವಾರನ್ 38, ಕ್ಲೋಬುಷರ್ 29, ಬೈಡನ್ 27, ಯಾಂಗ್ 12, ಸ್ಟೇಯರ್ ಮತ್ತು ಯಾರ ಕಡೆಯೂ ಇಲ್ಲದವರು ಸೇರಿ 7.

ಮಗಳ ಗುಂಪು ದಾಟಿತು. ಅಮ್ಮನ ಗುಂಪಿಗೆ ಮೂವರು ಸಾಲದು, ಅಪ್ಪನದಕ್ಕೆ ಐವರು ಸಾಲದು. ಮಾಜಿ ಉಪಾಧ್ಯಕ್ಷ ಬೈಡನ್ ಗುಂಪು ಐದನೇ ಸ್ಥಾನಕ್ಕೆ ಬಿದ್ದಿದ್ದನ್ನು ಅಲ್ಲಿದ್ದ ಹಿರಿಯರು ನಂಬಲೇ ಇಲ್ಲ. ಮತ್ತೊಮ್ಮೆ ಎಣಿಸಿ ಎಂದರು. ಎಣಿಸಿದೆವು. 27.

ಈಗ ಜಾಗ ಬದಲಿಸಬಹುದಾದವರು 75 ಜನ. ಉಳಿದ 137 ಜನ ಬದಲಿಸುವಂತಿಲ್ಲ, ಆದರೆ ಬಂದು ಮಾತಾಡಬಹುದು. ಬಂದರು ಕೂಡ, ಜಾತ್ರೆಯಲ್ಲಿ ಬಸ್ ಹತ್ತಿಸುವ ಏಜೆಂಟರ ಹಾಗೆ.

ಏನೇನು ಪ್ರಯತ್ನಿಸಿದರು

ಬೈಡನ್ ಗುಂಪಿಗೆ ಮೊದಲು ಬಂದವನು ಸ್ಯಾಂಡರ್ಸ್ ಕಡೆಯ ಒಬ್ಬ ಯುವಕ. ಓದಿಕೊಂಡವನು, ಪ್ರಾಮಾಣಿಕ. 2002ರಲ್ಲಿ ಇರಾಕ್ ಯುದ್ಧಕ್ಕೆ ಅಧಿಕಾರ ಕೊಡುವ ಮಸೂದೆಯ ಪರ ಬೈಡನ್ ಮತ ಹಾಕಿದ್ದನ್ನೂ ಸ್ಯಾಂಡರ್ಸ್ ವಿರೋಧಿಸಿದ್ದನ್ನೂ ಹೇಳಿದ. ಎರಡೂ ನಿಜ. ಆದರೆ ಕೇಳುತ್ತಿದ್ದವರಲ್ಲಿ ಒಬ್ಬರ ಮಗ ಆ ಯುದ್ಧಕ್ಕೆ ಹೋಗಿ ಬಂದವನು. ಅವರು ಸಿಟ್ಟಾಗಲಿಲ್ಲ, ಕೈಕಟ್ಟಿ ನಿಂತರು, ಅಷ್ಟೇ. ಕೈಕಟ್ಟಿದವರು ಆ ರಾತ್ರಿ ಯಾರೂ ಜಾಗ ಬಿಟ್ಟು ಕದಲಿದ್ದನ್ನು ನಾನು ನೋಡಲಿಲ್ಲ.

ಬುಟಿಜೆಜ್ ಗುಂಪಿನ ಮುಂದಾಳು ಅಚ್ಚುಕಟ್ಟಾಗಿ ಬರೆದುಕೊಂಡು ಬಂದಿದ್ದರು. ಮೂವತ್ತೆಂಟರ ಹರೆಯ, ಹೊಸ ತಲೆಮಾರು, ಮಧ್ಯಮ ಹಾದಿ. "ನಿಮ್ಮವರದ್ದು ಇಲ್ಲಿಗೆ ಮುಗಿಯಿತಲ್ಲ, ನಮ್ಮ ಕಡೆ ಬನ್ನಿ" ಎಂದು ಶುರು ಮಾಡಿದರು. ಆ ಮೊದಲ ವಾಕ್ಯಕ್ಕೇ ನಾಲ್ವರು ಕೋಟು ಹಾಕಿಕೊಂಡು ಹೊರಟರು. ಆದರೂ ಕೊನೆಗೆ ಬೈಡನ್ ಗುಂಪಿನಿಂದ ಅತಿ ಹೆಚ್ಚು ಜನ ಹೋದದ್ದು ಬುಟಿಜೆಜ್ ಕಡೆಗೇ. ವಿಚಾರ ಹತ್ತಿರದ್ದಾಗಿದ್ದರೆ ಮಾತು ಒರಟಾದರೂ ಜನ ಬರುತ್ತಾರೆ. ಒರಟು ಮಾತಿನ ಬೆಲೆ ಕಾಣುವುದು ಹೊರಟುಹೋದವರ ಲೆಕ್ಕದಲ್ಲಿ, ಆ ಲೆಕ್ಕವನ್ನು ಗೆದ್ದವರು ಹಾಕುವುದಿಲ್ಲ.

ವಾರನ್ ಕಡೆಯ ಒಬ್ಬ ಹಿರಿಯ ಮಹಿಳೆ ಮಾತ್ರ ಬೇರೆ ರೀತಿ ಮಾಡಿದರು. ಮೆಟ್ಟಿಲಿನ ಮೇಲೆ ಕೂತು, "ಬೈಡನ್ ಬಿಟ್ಟರೆ ನಿಮಗೆ ಯಾರು ಇಷ್ಟ?" ಎಂದು ಒಬ್ಬೊಬ್ಬರನ್ನೇ ಕೇಳಿದರು. ಬುಟಿಜೆಜ್ ಎಂದವರನ್ನು ಅವರ ಪಾಡಿಗೆ ಬಿಟ್ಟರು. ಗೊತ್ತಿಲ್ಲ ಎಂದವರ ಪಕ್ಕ ಕೂತರು. ಅವರಿಗೆ ಸಿಕ್ಕಿದ್ದು ಮೂವರೇ, ಆದರೆ ಅವರು ಮಾತಾಡಿಸಿದ್ದೂ ಹೆಚ್ಚು ಜನರನ್ನಲ್ಲ.

ಅಷ್ಟರಲ್ಲಿ ಕ್ಲೋಬುಷರ್ ಮತ್ತು ಬೈಡನ್ ಗುಂಪುಗಳ ನಡುವೆ ಹಗ್ಗಜಗ್ಗಾಟ. ಇಬ್ಬರೂ ವಿಚಾರದಲ್ಲಿ ನೆರೆಹೊರೆ, ಹಾಗಾಗಿ ಇಬ್ಬರೂ ಇನ್ನೊಬ್ಬರಿಂದಲೇ ಜನ ಬಯಸಿದರು. ನಮ್ಮ ಅಪ್ಪ ಅಮ್ಮ ನಿಂತದ್ದು ಸರಿಯಾಗಿ ಆ ಗಡಿಯಲ್ಲೇ.

"ರೀ, ನಮಗೆ ಮೂರೇ ಜನ ಸಾಕು, ಬನ್ನಿ ಈ ಕಡೆ."

"ನಮಗೆ ಐದೇ ಜನ ಸಾಕು, ನೀನೇ ಬಾ. ನಿಮ್ಮೋಳು ಗೆಲ್ಲಲ್ಲ, ಸುಮ್ನೆ ಯಾಕೆ."

"ಇಲ್ಲಿ ಐದನೇ ಜಾಗದಲ್ಲಿ ಇರೋದು ಯಾರಂತೆ?"

ಇಡೀ ಗುಂಪಿನ ಮಾತುಕತೆಯೂ ಇದೇ ದಾರಿ ಹಿಡಿದಿತ್ತು. ಬೈಡನ್ ಗುಂಪಿನ ಮುಂದಾಳು ನಿವೃತ್ತ ಕಾರ್ಮಿಕ ಸಂಘದವರು. ಒಬ್ಬರೂ ಕದಲಬೇಡಿ, ಒಟ್ಟಾಗಿರೋಣ ಎಂದು ಪಟ್ಟು ಹಿಡಿದಿದ್ದರು. ಸಂಘಟನೆಯ ಬುದ್ಧಿ ಅದು, ಬಹಳ ಕಡೆ ಸರಿಯಾದದ್ದೇ. ಆದರೆ ಇಲ್ಲಿ ಒಟ್ಟಾಗಿದ್ದರೆ ಎರಡೂ ಗುಂಪು ಒಟ್ಟಾಗಿಯೇ ಮುಳುಗುತ್ತಿದ್ದವು. ಕೊಟ್ಟ ಸಮಯ ಅರ್ಧ ಕಳೆದಿತ್ತು.

ತಿರುವು

ಮಗಳು ಆ ಹೊತ್ತಿಗೆ ಯಾಂಗ್ ಗುಂಪಿನ ಹತ್ತಿರ ಇದ್ದಳು. ತಿಂಗಳಿಗೆ ಸಾವಿರ ಡಾಲರ್ ಎಲ್ಲ ವಯಸ್ಕರಿಗೂ ಎಂಬ ಯಾಂಗ್ ಯೋಜನೆಗೆ ಮನಸೋತ ಹುಡುಗರು, ಕೆಲವರು ಅವಳ ಶಾಲೆಯವರೇ. ಅಲ್ಲಿಂದ ಆರು ಜನ ಸ್ಯಾಂಡರ್ಸ್ ಕಡೆ ಬಂದರು. ಕೆಲಸ ಆಯಿತು ಎಂದು ಅವಳು ಹೋಗಿ ಕೂರಬಹುದಿತ್ತು. ಕೂರಲಿಲ್ಲ. ಕಾರ್ಡಿನ ಹಿಂದೆ ಲೆಕ್ಕ ಗೀಚುವಂತಿಲ್ಲವೆಂದು ಅಂಗೈ ಮೇಲೆ ಪೆನ್ನಿನಿಂದ ಏನೋ ಗುಣಿಸಿ, ಭಾಗಿಸಿ, ನೆಟ್ಟಗೆ ಅಪ್ಪನ ಬಳಿ ಬಂದಳು. ಎರಡೂ ಕಡೆಯವರು ನೆನಪಿಟ್ಟುಕೊಂಡು ನನಗೆ ಹೇಳಿದ ಮಾತು ಹೆಚ್ಚುಕಡಿಮೆ ಹೀಗೆ:

"ಅಪ್ಪ, ನೀನು ಬರ್ನಿ ಕಡೆ ಬರಲ್ಲ, ಗೊತ್ತು. ಅದನ್ನ ಕೇಳೋಕೆ ಬಂದಿಲ್ಲ. ಬೈಡನ್ ಬಿಟ್ರೆ ನಿಂಗೆ ಯಾರು?"

"ಪೀಟ್ ಆಗ್ಬಹುದು. ಏಮಿನೂ ಆಗ್ಬಹುದು."

"ಹಾಗಾದ್ರೆ ಅಮ್ಮನ ಕಡೆ ಹೋಗು. ಅವರಿಗೆ ಮೂರೇ ಜನ ಬೇಕು. ಅವರು ಉಳೀದೇ ಹೋದ್ರೆ ಆ ಇಪ್ಪತ್ತೊಂಬತ್ತು ಜನರಲ್ಲಿ ಮುಕ್ಕಾಲು ಪಾಲು ಪೀಟ್ ಕಡೆ ಹೋಗ್ತಾರೆ."

"ಹೋದ್ರೆ ನಿನಗೇನು?"

"ಪೀಟ್‌ಗೆ ಮೂರು ಡೆಲಿಗೇಟ್ ಆಗತ್ತೆ, ನಮಗೆ ಎರಡು. ಏಮಿ ಉಳ್ಕೊಂಡ್ರೆ ಅವರಿಗೂ ಎರಡು, ನಮಗೂ ಎರಡು."

"ಓಹೋ, ನನ್ ಹತ್ರಾನೇ ರಾಜಕೀಯ!"

"ಹೂಂ. ನನ್ ಲಾಭಕ್ಕೇ ಹೇಳ್ತಿರೋದು. ಆದ್ರೆ ನಿಂಗೂ ನಷ್ಟ ಇಲ್ಲ, ನೋಡು."

ಅಪ್ಪನಿಗೆ ನಗು ಬಂತು. ನಂತರ ನಾನು ಅವರನ್ನು ಕೇಳಿದಾಗ ಅವರು ಹೇಳಿದ್ದು ಇದು: ಉಳಿದವರೆಲ್ಲ ನನ್ನ ಒಳ್ಳೆಯದಕ್ಕೇ ಎಂಬಂತೆ ಮಾತಾಡಿದರು, ಇವಳೊಬ್ಬಳು ತನ್ನ ಲಾಭ ಏನೆಂದು ಬಾಯಿಬಿಟ್ಟು ಹೇಳಿದಳು, ಅದಕ್ಕೇ ಲೆಕ್ಕ ನಂಬಿದೆ. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನಿಸಿದ್ದು ಇದೇ. ಎದುರಾಳಿ ಗುಂಪಿನವಳು ಎಂಬುದು ಅವಳಿಗೆ ಅಡ್ಡಿಯಾಗಲಿಲ್ಲ, ಅನುಕೂಲವೇ ಆಯಿತು. ಸ್ಯಾಂಡರ್ಸ್ ಗುಂಪು ಹಾಕಿದ ಅತ್ಯಂತ ಚಾಣಾಕ್ಷ ನಡೆ ಕ್ಲೋಬುಷರ್‌ಗೆ ಜನ ಕಳಿಸಿದ್ದು, ಅದನ್ನು ಹಾಕಿದ್ದು ಕೋಣೆಯಲ್ಲಿದ್ದ ಅತಿ ಕಿರಿಯ ಮತದಾರಳು.

ಇದರ ಜತೆಗೇ ಕ್ಲೋಬುಷರ್ ಗುಂಪಿನ ಮುಂದಾಳು, ಒಬ್ಬ ನಿವೃತ್ತ ಶಿಕ್ಷಕಿ, ಕೇಳುವ ಬಗೆಯನ್ನೇ ಬದಲಿಸಿದರು. ಅಲ್ಲಿಯವರೆಗೆ "ನೀವೆಲ್ಲ ಬನ್ನಿ" ಎನ್ನುತ್ತಿದ್ದವರು, "ನಿಮ್ಮಲ್ಲಿ ಮೂರು ಜನ ಬಂದರೆ ಸಾಕು. ಬಂದವರಲ್ಲಿ ಒಬ್ಬರನ್ನು ಕೌಂಟಿ (ಜಿಲ್ಲಾ ಮಟ್ಟದ) ಸಮಾವೇಶಕ್ಕೆ ನಮ್ಮ ಡೆಲಿಗೇಟ್ ಆಗಿ ಕಳಿಸುತ್ತೇವೆ" ಎಂದರು. ಎಲ್ಲರೂ ಬನ್ನಿ ಎಂದರೆ ಸೋಲೊಪ್ಪಿಕೊಳ್ಳಿ ಎಂದಂತೆ. ಮೂರು ಜನ ಎಂದರೆ ಒಂದು ಉಪಕಾರ ಕೇಳಿದಂತೆ. ಡೆಲಿಗೇಟ್ ಸ್ಥಾನ ಕೊಡುವುದು ಕಾಕಸ್‌ಗಳಲ್ಲಿ ಹಳೆಯ ಚೌಕಾಸಿ, ಅದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಬೈಡನ್ ಗುಂಪಿನ ಮುಂದಾಳಿಗೆ ಇದು ಕೇಳಿಸಿತು. ಒಂದು ಕ್ಷಣ ಸುಮ್ಮನಿದ್ದು, "ನಾನು ಯಾರನ್ನೂ ಹಿಡಿದುಕೊಂಡಿಲ್ಲ, ನಿಮ್ಮ ಮನಸ್ಸಿಗೆ ಬಂದ ಕಡೆ ಹೋಗಿ" ಎಂದುಬಿಟ್ಟರು. ಅದಾಗದಿದ್ದರೆ ಅಪ್ಪನಂಥವರು ನಾಲ್ಕಾರು ಜನ ಮುಲಾಜಿಗೆ ಕೊನೆಯ ನಿಮಿಷದವರೆಗೂ ಅಲ್ಲೇ ನಿಂತಿರುತ್ತಿದ್ದರು. ಪಟ್ಟು ಸಡಿಲಿಸಿದ್ದು ಅವರ ಸೋಲು ಎಂದು ಅವರ ಗುಂಪಿನಲ್ಲೇ ಕೆಲವರು ಆಮೇಲೆ ಗೊಣಗಿದರು. ನನ್ನ ಅಭಿಪ್ರಾಯದಲ್ಲಿ ಆ ರಾತ್ರಿ ಅತಿ ಕಷ್ಟದ ತೀರ್ಮಾನ ತಗೊಂಡವರು ಅವರೇ.

ಏನಾಯಿತು

ಅಪ್ಪ ಒಬ್ಬರೇ ಹೋಗಲಿಲ್ಲ. ಬೈಡನ್ ಗುಂಪಿನಿಂದ ಅವರನ್ನೂ ಸೇರಿಸಿ ಏಳು ಜನ ಕ್ಲೋಬುಷರ್ ಕಡೆ ನಡೆದರು. ಹನ್ನೊಂದು ಜನ ಬುಟಿಜೆಜ್ ಕಡೆ, ಮೂವರು ವಾರನ್ ಕಡೆ, ಆರು ಜನ ಮನೆಗೆ. ಯಾಂಗ್ ಕಡೆಯ ಉಳಿದವರಲ್ಲಿ ನಾಲ್ವರು ವಾರನ್‌ಗೆ, ಇಬ್ಬರು ಮನೆಗೆ. ಚಿಲ್ಲರೆ ಏಳು ಜನರಲ್ಲಿ ಕ್ಲೋಬುಷರ್‌ಗೆ ಇಬ್ಬರು, ಬುಟಿಜೆಜ್‌ಗೆ ಇಬ್ಬರು, ವಾರನ್‌ಗೆ ಮೂವರು. ಕೊನೆಯ ಎಣಿಕೆ: ಬುಟಿಜೆಜ್ 65, ಸ್ಯಾಂಡರ್ಸ್ 53, ವಾರನ್ 48, ಕ್ಲೋಬುಷರ್ 38. ಗುಂಪಿನ ಸಂಖ್ಯೆಯನ್ನು 6ರಿಂದ ಗುಣಿಸಿ 212ರಿಂದ ಭಾಗಿಸಿದರೆ ಡೆಲಿಗೇಟ್ ಲೆಕ್ಕ: 2, 2, 1, 1. ಮಗಳ ಅಂಗೈ ಲೆಕ್ಕ ತಪ್ಪಲಿಲ್ಲ. ಹನ್ನೆರಡು ಹೆಚ್ಚು ಜನರಿದ್ದ ಗುಂಪಿಗೂ ಕಡಿಮೆ ಜನರಿದ್ದ ಗುಂಪಿಗೂ ಸಮ ಡೆಲಿಗೇಟ್ ಬಂದದ್ದು ನ್ಯಾಯವೇ ಎಂದು ಬುಟಿಜೆಜ್ ಕಡೆಯವರು ಕೇಳಿದರು. ಅವರ ಪ್ರಶ್ನೆಯಲ್ಲಿ ಹುರುಳಿದೆ. ಅದೇ ರಾತ್ರಿ ರಾಜ್ಯದಾದ್ಯಂತ ಆದದ್ದು ಮಾತ್ರ ಅದರ ತಿರುಗುಮುರುಗು: ಕೊನೆಯ ಎಣಿಕೆಯಲ್ಲಿ ಹೆಚ್ಚು ಜನರ ಬೆಂಬಲ ಸ್ಯಾಂಡರ್ಸ್‌ಗೆ, ಸುಮಾರು ಶೇ 26.5 ಎದುರು ಬುಟಿಜೆಜ್‌ಗೆ 25.1. ಆದರೆ ಡೆಲಿಗೇಟ್ ಲೆಕ್ಕದಲ್ಲಿ ಕೂದಲೆಳೆಯಷ್ಟು ಮುಂದೆ ಬುಟಿಜೆಜ್. ರಾಷ್ಟ್ರೀಯ ಸಮಾವೇಶಕ್ಕೆ ಬುಟಿಜೆಜ್‌ಗೆ 14, ಸ್ಯಾಂಡರ್ಸ್‌ಗೆ 12 ಡೆಲಿಗೇಟ್. ಸ್ಯಾಂಡರ್ಸ್ ಬೆಂಬಲ ವಿಶ್ವವಿದ್ಯಾಲಯಗಳಿರುವ ಊರುಗಳಲ್ಲಿ ಗುಡ್ಡೆ ಬಿದ್ದಿತ್ತು, ಬುಟಿಜೆಜ್ ಬೆಂಬಲ ಹಳ್ಳಿಗಾಡಿನ ತುಂಬ ಹರಡಿತ್ತು. ಪ್ರತಿ ಬೂತಿನ ಡೆಲಿಗೇಟ್ ಸಂಖ್ಯೆ ಮೊದಲೇ ಗೊತ್ತುಮಾಡಿದ್ದು, ಅಲ್ಲಿಗೆ ಎಷ್ಟೇ ಜನ ಬಂದರೂ ಅದು ಬೆಳೆಯುತ್ತಿರಲಿಲ್ಲ.

ಎಲ್ಲ ಬೂತುಗಳ ಅಂಕಿ ಬರಲು ಮೂರು ದಿನ ಬೇಕಾಯಿತು. ಫಲಿತಾಂಶ ಕಳಿಸಲು ಪಕ್ಷ ತಂದಿದ್ದ ಮೊಬೈಲ್ ಆ್ಯಪ್ ಅರ್ಧಂಬರ್ಧ ಅಂಕಿ ಕಳಿಸತೊಡಗಿತು, ಬದಲಿ ಫೋನ್ ಲೈನ್ ಸಿಗಲಿಲ್ಲ. ನಮ್ಮ ಸಭೆಯ ಅಧ್ಯಕ್ಷೆ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು ಕುರ್ಚಿ ಮಡಚುತ್ತಿದ್ದರು. ಅತ್ತಲಿಂದ ಕಾಯಿರಿ ಎಂಬ ಸಂಗೀತ ಮಾತ್ರ. ಸಹಿ ಹಾಕಿದ ಕಾರ್ಡುಗಳ ಕಟ್ಟು ಲಕೋಟೆಯಲ್ಲಿತ್ತು, ಅದೇ ಆಮೇಲೆ ಕೈಹಿಡಿದದ್ದು. ಹಾಗೆಂದು ಕಾಗದವೂ ಎಲ್ಲ ಕಡೆ ನಿರ್ದೋಷಿಯಾಗಿರಲಿಲ್ಲ. ನೂರಕ್ಕೂ ಹೆಚ್ಚು ಬೂತುಗಳ ಲೆಕ್ಕದಲ್ಲಿ ಹೊಂದಾಣಿಕೆಯಾಗದ ಅಂಕಿಗಳಿದ್ದವೆಂದು ಪತ್ರಿಕೆಗಳು ಹುಡುಕಿ ತೆಗೆದವು. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಗೆದ್ದವರು ಯಾರೆಂದು ಘೋಷಿಸಲೇ ಇಲ್ಲ. ರಾಜ್ಯ ಪಕ್ಷದ ಅಧ್ಯಕ್ಷರು ಅದೇ ತಿಂಗಳು ರಾಜೀನಾಮೆ ಕೊಟ್ಟರು.

ಈ ಪ್ರಕರಣದಿಂದ ತಿಳಿಯುವುದು

ಒಂದೇ ಪಕ್ಷದೊಳಗಿನ ಪೈಪೋಟಿಯಲ್ಲಿ ಇವತ್ತು ಎದುರು ನಿಂತವನ ವೋಟು ಅರ್ಧ ಗಂಟೆಯಲ್ಲೇ ನಿಮಗೆ ಬೇಕಾಗಬಹುದು. ಈ ಸಭೆಯ ನಿಯಮ ಅದನ್ನು ಕಣ್ಣಿಗೆ ಕಟ್ಟುವಂತೆ ಮಾಡಿತ್ತು. ಮನೆಯಲ್ಲಿ ಮೂರು ವಾರ ಆಗದ್ದು ಜಿಮ್‌ನಲ್ಲಿ ಆದದ್ದು ಮನೆಯವರು ಒಮ್ಮೆಲೇ ಒಳ್ಳೆಯವರಾದ್ದರಿಂದ ಅಲ್ಲ. ಮೊದಲ ಆಯ್ಕೆ ಅಪ್ಪನ ಕೈಯಿಂದ ಜಾರಿಹೋಗಿತ್ತು, ಹಾಗಾಗಿ ಅದನ್ನು ಕಾಪಾಡಿಕೊಳ್ಳುವ ಹಟವೂ ಜಾರಿತ್ತು. ಆ ಹೊತ್ತಿಗೆ ಬೈಡನ್ ಎಷ್ಟು ಕೆಟ್ಟವರು ಎಂದು ಹೇಳಲು ಬಂದವರು ಸತ್ತ ಹಾವನ್ನು ಬಡಿದಂತಾಯಿತು.

ಪ್ರಚಾರದ ಕೆಲಸ ಮಾಡುವವರು ಇಲ್ಲಿಂದ ತಗೊಳ್ಳಬೇಕಾದ್ದು ಕೇಳುವ ಕ್ರಮ. ಎರಡನೆಯವರು ಯಾರು ಎಂದು ಮೊದಲು ಕೇಳಿ, ಉತ್ತರ ಬಂದ ಮೇಲೆ ಮಾತು. ಬೇಕಾದಷ್ಟನ್ನೇ ಕೇಳಿ. ಮೂರು ಜನ ಬೇಕಿದ್ದರೆ ಮೂರು ಎನ್ನಿ. ನಿಮ್ಮ ಲಾಭ ಇದ್ದರೆ ಮುಚ್ಚಿಡಬೇಡಿ, ಎದುರಿನವರು ಹೇಗೂ ಊಹಿಸಿರುತ್ತಾರೆ. ನೀತಿಯ ವಾದ ಕೆಲಸಕ್ಕೆ ಬಾರದು ಎಂದು ಮಾತ್ರ ತಿಳಿಯಬೇಡಿ. ಬೈಡನ್ ಗುಂಪಿನ 27 ಜನರಲ್ಲಿ ಒಬ್ಬರೂ ಸ್ಯಾಂಡರ್ಸ್ ಕಡೆ ಹೋಗಲಿಲ್ಲ ಎಂಬುದರ ಹಿಂದೆ ಆ ಯುವಕನ ಮಾತಿನ ಧಾಟಿಗಿಂತ ವಿಮೆಯ ಪ್ರಶ್ನೆ ದೊಡ್ಡದಿತ್ತು. ಧಾಟಿ ಬದಲಾಗಿದ್ದರೆ ಒಬ್ಬಿಬ್ಬರು ಬರುತ್ತಿದ್ದರೇನೋ, ಹತ್ತು ಜನ ಖಂಡಿತ ಬರುತ್ತಿರಲಿಲ್ಲ.

ಅಮ್ಮನ ಸಹೋದ್ಯೋಗಿಯೊಬ್ಬರ ವಿಷಯ ಇಲ್ಲಿ ಹೇಳಬೇಕು. ಅವರು ನರ್ಸ್, ಅಂದು ರಾತ್ರಿ ಪಾಳಿ. ವಾರನ್ ಬೆಂಬಲಿಗರು, ಮನೆ ಮುಂದೆ ಫಲಕ ಹಾಕಿದ್ದವರು. ಏಳು ಗಂಟೆಗೆ ಜಿಮ್‌ನಲ್ಲಿ ನಿಲ್ಲಲಾರದವರಿಗೆ ಆ ಸಭೆಯಲ್ಲಿ ಜಾಗವಿರಲಿಲ್ಲ. ಆ ವರ್ಷ ಕೆಲವೆಡೆ ಹೆಚ್ಚುವರಿ ಉಪಸಭೆಗಳನ್ನು ನಡೆಸಿದ್ದರೂ ಅವು ಅವರ ಪಾಳಿಗೆ ಹೊಂದಲಿಲ್ಲ. ಇಡೀ ರಾಜ್ಯದಲ್ಲಿ ಆ ರಾತ್ರಿ ಬಂದವರು ಸುಮಾರು 1,76,000. ಮುಖಾಮುಖಿ ಚರ್ಚೆಯ ಸೊಗಸನ್ನು ಹೊಗಳುವಾಗ ಈ ನರ್ಸ್ ನನಗೆ ನೆನಪಾಗುತ್ತಾರೆ, ಹೊಗಳಿಕೆ ಅರ್ಧಕ್ಕೇ ನಿಲ್ಲುತ್ತದೆ.

ಮುಂದಿನದ್ದು ಬೇಗ ಬೇಗ ನಡೆಯಿತು. ಅಯೋವಾದಲ್ಲಿ ನಾಲ್ಕನೆಯವರಾದ ಬೈಡನ್ ಫೆಬ್ರುವರಿ 29ರಂದು ದಕ್ಷಿಣ ಕೆರೊಲಿನಾದಲ್ಲಿ ಭಾರಿ ಅಂತರದಿಂದ ಗೆದ್ದರು. ಮಾರ್ಚ್ 1ರಂದು ಬುಟಿಜೆಜ್ ಹಿಂದೆ ಸರಿದರು, ಮಾರ್ಚ್ 2ರಂದು ಕ್ಲೋಬುಷರ್. ಅಂದೇ ಇಬ್ಬರೂ ಡಲಾಸ್‌ನಲ್ಲಿ ಬೈಡನ್‌ಗೆ ಬೆಂಬಲ ಘೋಷಿಸಿದರು. "ನಾನು ನಿನ್ನ ಕಡೆ ಬಂದೆ, ನಿಮ್ಮೋಳು ನಮ್ಮ ಕಡೆ ಬಂದ್ಲು, ಲೆಕ್ಕ ಚುಕ್ತಾ" ಎಂದರಂತೆ ಅಪ್ಪ. ಏಪ್ರಿಲ್ 8ರಂದು ಸ್ಯಾಂಡರ್ಸ್ ಹಿಂದೆ ಸರಿದಾಗ ಮಗಳು ಎರಡು ದಿನ ಅಪ್ಪನ ಹತ್ತಿರ ರಾಜಕೀಯ ಮಾತಾಡಲಿಲ್ಲ. ನವೆಂಬರಿನಲ್ಲಿ ಮೊದಲ ವೋಟನ್ನು ಬೈಡನ್‌ಗೇ ಹಾಕಿದಳು.

2023ರಲ್ಲಿ ಡೆಮೊಕ್ರಾಟಿಕ್ ರಾಷ್ಟ್ರೀಯ ಸಮಿತಿ ಅಯೋವಾದ ಮೊದಲ ಸ್ಥಾನವನ್ನು ಕಿತ್ತುಕೊಂಡಿತು. 2024ರಲ್ಲಿ ಅಲ್ಲಿನ ಡೆಮೊಕ್ರಾಟರು ಅಭ್ಯರ್ಥಿಯ ಆಯ್ಕೆಯನ್ನು ಅಂಚೆಯಲ್ಲಿ ಕಳಿಸುವ ಕಾರ್ಡಿಗೆ ಬದಲಿಸಿದರು. ಮೂಲೆಯಲ್ಲಿ ನಿಲ್ಲುವುದಿಲ್ಲ, ಕೋಣೆಯಲ್ಲಿ ಗುಂಪು ಬೀಳುವ ಭಯವಿಲ್ಲ, ಎರಡನೇ ಆಯ್ಕೆ ಯಾರೂ ಕೇಳುವುದಿಲ್ಲ. ಆ ನರ್ಸ್ ಅಡುಗೆಮನೆಯಲ್ಲೇ ಕೂತು ಕಾರ್ಡು ತುಂಬಿ ಕಳಿಸಿದರು, ಅವರ ಮೊದಲ ಕಾಕಸ್. ಕಣದಲ್ಲಿ ಬೈಡನ್ ಎದುರು ಹೇಳಿಕೊಳ್ಳುವಂಥ ಪೈಪೋಟಿಯೇ ಇರಲಿಲ್ಲ.